ಗಾರೆ ಸಡಿಲಿದರೆ ಹಳಿ ನಿಂತೀತೆ? ಹಳೆಯ ಕಲ್ಲಿನ ರೈಲ್ವೆ ಸೇತುವೆಗಳ ಆರೈಕೆಯ ಪ್ರಶ್ನೆ

ಹೊಸಪೇಟೆ: 2024ರ ಆಗಸ್ಟ್ 7ರಿಂದ 10ರವರೆಗಿನ ನಾಲ್ಕು ದಿನಗಳನ್ನು ರಾಜ್ಯದ ಎಂಜಿನಿಯರ್‌ಗಳು ಸುಲಭಕ್ಕೆ ಮರೆಯಲಾರರು. 7ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಕಾರವಾರದ ಬಳಿ ಕಾಳಿ ನದಿಯ ಹಳೆಯ ಹೆದ್ದಾರಿ ಸೇತುವೆ ಕುಸಿಯಿತು. 9ರಂದು ಬ್ರಗಾಂಜಾ ಘಟ್ಟದ ಸೋನಾಲಿಂ ಮತ್ತು ದೂಧ್‌ಸಾಗರ ನಿಲ್ದಾಣಗಳ ನಡುವೆ ಕಲ್ಲಿದ್ದಲು ಹೊತ್ತ ಸರಕು ರೈಲು ಹಳಿ ತಪ್ಪಿತು. 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ನೀರುಪಾಲಾಯಿತು. ಮೂರೂ ಘಟನೆಗಳ ಕಾರಣಗಳು ಬೇರೆಬೇರೆ. ಆದರೆ ಮೂರೂ ಎತ್ತಿದ ಪ್ರಶ್ನೆ ಒಂದೇ: ಕಟ್ಟಿದ್ದನ್ನು ಕಾಪಾಡುವವರು ಯಾರು, ಹೇಗೆ, ಯಾವ ಹಣದಲ್ಲಿ?

ಜಲಾಶಯದ ಗೇಟು ಮುರಿದರೆ ನಾಡಿಗೆಲ್ಲ ಸುದ್ದಿ. ಹೆದ್ದಾರಿಯ ಸೇತುವೆ ಬಿದ್ದರೂ ಅಷ್ಟೇ. ಆದರೆ ಹೊಲಗಳ ನಡುವೆ, ಹಳ್ಳಗಳ ಮೇಲೆ, ಜಾಲಿಮರಗಳ ಮರೆಯಲ್ಲಿ ರೈಲ್ವೆ ಹಳಿಯನ್ನು ಹೊತ್ತು ನಿಂತ ಕಲ್ಲಿನ ಸೇತುವೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ದೇಶದ ರೈಲ್ವೆ ಜಾಲದಲ್ಲಿ ಸಣ್ಣವು ದೊಡ್ಡವು ಸೇರಿ ಸುಮಾರು 1.5 ಲಕ್ಷ ಸೇತುವೆಗಳಿವೆ. ಅವುಗಳಲ್ಲಿ 36 ಸಾವಿರಕ್ಕೂ ಹೆಚ್ಚಿನವು ನೂರು ವರ್ಷ ದಾಟಿದವು. ಇವುಗಳಲ್ಲಿ ಬಹುಪಾಲು ಕಲ್ಲು, ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಕಮಾನುಗಳು ಮತ್ತು ಕಂಬಗಳು. ವಿಜಯನಗರ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣದ ಐದು ತಾಲ್ಲೂಕುಗಳ ಪಾಲಿಗೆ, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿಗಳ ಪಾಲಿಗೆ, ಈ ಪ್ರಶ್ನೆ ದೂರದ್ದಲ್ಲ. ಇಲ್ಲಿರುವುದು ಒಂದೇ ರೈಲು ಮಾರ್ಗ. ಅದರ ಮೊದಲ ಅರ್ಧ 1905ರದ್ದು.

ಬರ ತಂದ ಹಳಿ

ಈ ಸೀಮೆಗೆ ರೈಲು ಬಂದದ್ದರ ಹಿಂದೆ ಹಸಿವಿನ ಚರಿತ್ರೆಯಿದೆ. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ನೆನೆಯುತ್ತಿದ್ದ 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ತನ್ನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗವನ್ನು ಕಳೆದುಕೊಂಡಿತು. ಕರಾವಳಿಯ ಬಂದರುಗಳಿಗೆ ಬಂದಿಳಿದ ಧಾನ್ಯವನ್ನು ಒಳನಾಡಿಗೆ ಸಾಗಿಸುವ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಬರಪೀಡಿತ ಪ್ರದೇಶಗಳಿಗೆ ರೈಲು ಮಾರ್ಗ ಹಾಕುವುದೇ ರಕ್ಷಣೆಯೆಂದು 1880ರ ಕ್ಷಾಮ ಆಯೋಗ ಶಿಫಾರಸು ಮಾಡಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಮೀಟರ್ ಗೇಜ್ ಹಳಿಯಿಂದ ಜೋಡಿಸಿತು. ಆ ಮಾರ್ಗದ ಕವಲಾಗಿ 1905ರಲ್ಲಿ ಹೊಸಪೇಟೆಯಿಂದ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಮೂಲಕ ಕೊಟ್ಟೂರಿಗೆ ರೈಲು ಬಂತು.

ಅನಂತರ ಕೊಟ್ಟೂರೇ ಹಳಿಯ ಕೊನೆಯಾಗಿ ಶತಮಾನದಷ್ಟು ಕಾಲ ಉಳಿಯಿತು. ತೊಂಬತ್ತರ ದಶಕದಲ್ಲಿ ಮಾರ್ಗ ಬ್ರಾಡ್‌ಗೇಜ್‌ಗೆ ಪರಿವರ್ತನೆಯಾಯಿತು. ಆದರೆ ಅದರೊಡನೆ ಪ್ರಯಾಣಿಕರ ರೈಲು ನಿಂತಿತು. ಹಳಿಯ ಮೇಲೆ ಸರಕು ರೈಲು ಓಡುತ್ತಿದ್ದರೂ ಊರಿನ ಜನ ಬಸ್ಸಿಗೆ ಕಾಯುವ ವಿಪರ್ಯಾಸ ಎರಡು ದಶಕಕ್ಕೂ ಹೆಚ್ಚು ಕಾಲ ಮುಂದುವರಿಯಿತು. ಕೊಟ್ಟೂರಿನಿಂದ ಹರಪನಹಳ್ಳಿಯ ಮೂಲಕ ಹರಿಹರಕ್ಕೆ ಹೊಸ ಮಾರ್ಗ ಸಿದ್ಧವಾಗಿ, 2019ರ ಅಕ್ಟೋಬರ್‌ನಲ್ಲಿ ಅಂದಿನ ರೈಲ್ವೆ ಖಾತೆಯ ರಾಜ್ಯ ಸಚಿವ ಸುರೇಶ ಅಂಗಡಿ ಅವರು ಹೊಸಪೇಟೆ–ಹರಿಹರ ಪ್ರಯಾಣಿಕರ ರೈಲಿಗೆ ಚಾಲನೆ ನೀಡಿದ ಮೇಲಷ್ಟೇ ಈ ಕೊರತೆ ಒಂದಿಷ್ಟು ನೀಗಿತು. ಕೂಡ್ಲಿಗಿ, ಹೂವಿನಹಡಗಲಿ ಪಟ್ಟಣಗಳಿಗೆ ಇಂದಿಗೂ ರೈಲಿಲ್ಲ; ಗದಗದಿಂದ ಹಡಗಲಿಯ ಮೂಲಕ ಹರಪನಹಳ್ಳಿಗೆ ಹಳಿ ಬೇಕೆಂಬ ಬೇಡಿಕೆ ಹಳೆಯದಾಗಿಯೇ ಉಳಿದಿದೆ. ಹೀಗಿರುವಾಗ ಇರುವ ಒಂದು ಮಾರ್ಗದ ಸೇತುವೆಗಳ ಕ್ಷೇಮವೇ ಈ ಸೀಮೆಯ ಸಂಚಾರದ ಕ್ಷೇಮ ಎಂದರೆ ತಪ್ಪಾಗಲಾರದು.

ಕಮಾನಿನ ಗುಟ್ಟು

ಕಲ್ಲಿಗೆ ಒತ್ತಡ ತಾಳುವ ಶಕ್ತಿ ಅಪಾರ, ಎಳೆತ ತಾಳುವ ಶಕ್ತಿ ಅತ್ಯಲ್ಪ. ಹಿಂದಿನ ಎಂಜಿನಿಯರ್‌ಗಳು ಈ ಗುಣವನ್ನು ಅರಿತೇ ಕಮಾನನ್ನು ನೆಚ್ಚಿಕೊಂಡರು. ಕಮಾನಿನ ಮೇಲೆ ಬಿದ್ದ ಹೊರೆ ಒಂದು ಕಲ್ಲಿನಿಂದ ಮತ್ತೊಂದಕ್ಕೆ ಒತ್ತಡವಾಗಿಯೇ ಸಾಗಿ, ಕಂಬಕ್ಕೂ ದಡದ ಗೋಡೆಗೂ ಇಳಿದು, ಅಡಿಪಾಯದ ಮೂಲಕ ನೆಲ ಸೇರುತ್ತದೆ. ಒಳಗೆ ಕಬ್ಬಿಣವಿಲ್ಲದ್ದರಿಂದ ತುಕ್ಕಿನ ಭಯವಿಲ್ಲ. ನಾಲ್ಕು ದಶಕದ ಕಾಂಕ್ರೀಟ್ ಸೇತುವೆ ಕಾಳಿ ನದಿಗೆ ಬಿದ್ದಿತು. 1985ರಲ್ಲಿ ಕಟ್ಟಿದ ಗುಜರಾತಿನ ಗಂಭೀರಾ ಸೇತುವೆ 2025ರ ಜುಲೈ 9ರಂದು ಮುರಿದು ಇಪ್ಪತ್ತಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಅವಕ್ಕಿಂತ ಹಿರಿಯವಾದ ಸಾವಿರಾರು ಕಲ್ಲಿನ ಕಮಾನುಗಳ ಮೇಲೆ ರೈಲು ಇಂದಿಗೂ ಓಡುತ್ತಿದೆ. ಹಾಗೆಂದು ಕಲ್ಲಿಗೆ ಸಾವಿಲ್ಲವೆಂದು ಭಾವಿಸುವುದು ಭ್ರಮೆ. ಅದರ ಶತ್ರುಗಳು ಮೂರು: ಮಿತಿ ಮೀರಿದ ಹೊರೆ, ದಾರಿ ತಪ್ಪಿದ ನೀರು ಮತ್ತು ತಿಳಿಯದೆ ಮಾಡಿದ ದುರಸ್ತಿ.

ಮೀಟರ್ ಗೇಜ್ ಕಾಲದಲ್ಲಿ ಒಂದು ಅಚ್ಚಿನ ಮೇಲೆ ಬೀಳುತ್ತಿದ್ದ ಭಾರ 12–13 ಟನ್‌ನಷ್ಟು. ಇಂದು ಅದಿರು ಹೊತ್ತ ಬ್ರಾಡ್‌ಗೇಜ್ ವ್ಯಾಗನ್ನಿನ ಅಚ್ಚಿನ ಭಾರ 22 ಟನ್ ದಾಟಿದೆ. ಲಾಲೂ ಪ್ರಸಾದ್ ಅವರು ರೈಲ್ವೆ ಸಚಿವರಾಗಿದ್ದ 2004–09ರ ಅವಧಿಯಲ್ಲಿ ವ್ಯಾಗನ್ನಿನ ನಿಗದಿತ ಸಾಮರ್ಥ್ಯಕ್ಕಿಂತ ಆರರಿಂದ ಎಂಟು ಟನ್ ಹೆಚ್ಚು ತುಂಬಲು ಅನುಮತಿ ದೊರೆಯಿತು. ರೈಲ್ವೆಯ ಲಾಭ ಏರಿದ್ದರಲ್ಲಿ ಈ ನಿರ್ಧಾರದ ಪಾಲು ದೊಡ್ಡದು. ಆ ವರ್ಷಗಳೇ ಬಳ್ಳಾರಿ, ಸಂಡೂರು, ಹೊಸಪೇಟೆಗಳ ಅದಿರು ಭರಾಟೆಯ ವರ್ಷಗಳೂ ಹೌದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿದಾಗ ಹಳಿಗಳಿಗೂ ಒಂದಿಷ್ಟು ಬಿಡುವು ಸಿಕ್ಕಿತು. ಆದರೆ ಮಿತಿಯೊಳಗಿನ ಗಣಿಗಾರಿಕೆ ಮತ್ತೆ ಆರಂಭವಾಗಿ, ಬಳ್ಳಾರಿ ಸೀಮೆಯ ವಾರ್ಷಿಕ ಮಿತಿಯನ್ನು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯವೇ 280 ಲಕ್ಷ ಟನ್‌ನಿಂದ 350 ಲಕ್ಷ ಟನ್‌ಗೆ ಏರಿಸಿತು. ಅದಿರು ಹೆಚ್ಚಿದರೆ ಸರಕು ರೈಲು ಹೆಚ್ಚು. ಸರಕು ರೈಲು ಹೆಚ್ಚಿದರೆ ಸೇತುವೆಯ ಮೇಲಿನ ಪೆಟ್ಟೂ ಹೆಚ್ಚು.

ಗೇಜ್ ಬದಲಾವಣೆಯಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಮೀಟರ್ ಗೇಜ್ ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್, ಬ್ರಾಡ್‌ಗೇಜ್‌ನದು 1,676. ಕಿರಿದಾದ ಹಳಿಗೆಂದು ಕಟ್ಟಿದ ಕಮಾನಿನ ಮೇಲೆ ಅಗಲದ ಹಳಿ ಹಾಸಿದರೆ ಜಲ್ಲಿಯೂ ಹೊರೆಯೂ ಅಂಚಿನ ಗೋಡೆಗಳತ್ತ ಸರಿಯುತ್ತವೆ. ಗೋಡೆ ನಿಧಾನವಾಗಿ ಹೊರಕ್ಕೆ ಬಾಗುತ್ತದೆ. ಗೋಡೆಗೂ ಕಮಾನಿಗೂ ನಡುವೆ ಉದ್ದುದ್ದಕ್ಕೆ ಬಿರುಕು ಮೂಡುತ್ತದೆ. ಆದ್ದರಿಂದಲೇ ಪರಿವರ್ತನೆಯ ವೇಳೆ ಹಳೆಯ ಸೇತುವೆಗಳ ಲೆಕ್ಕ ಹಾಕಿ, ತಾಳುವವನ್ನು ಬಲಪಡಿಸಿ, ತಾಳದವನ್ನು ತೆಗೆದು ಕಾಂಕ್ರೀಟ್ ಪೆಟ್ಟಿಗೆ ಅಥವಾ ಉಕ್ಕಿನ ತೊಲೆ ಕೂಡಿಸುವುದು ರೈಲ್ವೆಯ ಕ್ರಮ. ಉಳಿಸಿಕೊಂಡವುಗಳ ಮೇಲೆ ನಿಗಾ ಎರಡು ಪಟ್ಟು ಬೇಕು.

ಕೆರೆ ತುಂಬಿದಾಗ

ಬರದ ಸೀಮೆಯಲ್ಲಿ ಸೇತುವೆಗೆ ನೀರಿನ ಭಯವೇ ಎಂದು ಕೇಳುವವರುಂಟು. ವಾಸ್ತವವಾಗಿ ಬರದ ಸೀಮೆಯ ಹಳ್ಳಗಳೇ ಹೆಚ್ಚು ಅಪಾಯಕಾರಿ. ವರ್ಷವಿಡೀ ಒಣಗಿ ಬಿದ್ದ ಹಳ್ಳ ಒಂದೇ ರಾತ್ರಿಯ ಮಳೆಗೆ ದಡ ಮೀರಿ ಹರಿಯುತ್ತದೆ. ಒಣಗಿದ ಪಾತ್ರದಲ್ಲಿ ಕಸ, ಜಾಲಿ, ಹೂಳು ತುಂಬಿ ಕಮಾನಿನ ಬಾಯಿ ಅರ್ಧ ಮುಚ್ಚಿದ್ದರೆ ನೀರು ಹಳಿಯ ಏರಿಯನ್ನೇ ಕೊರೆಯುತ್ತದೆ. ಪಾತ್ರದಲ್ಲಿ ಮರಳು ತೆಗೆದಿದ್ದರಂತೂ ಕಂಬದ ಬುಡವೇ ಬಯಲಾಗಿರುತ್ತದೆ.

ಇದಕ್ಕೆ ಕೆರೆಗಳ ಪ್ರಶ್ನೆ ಸೇರಿಕೊಳ್ಳುತ್ತದೆ. ಪಾಳೆಯಗಾರರ ಕಾಲದಿಂದ ಕೂಡ್ಲಿಗಿ, ಹರಪನಹಳ್ಳಿ, ಕೊಟ್ಟೂರು ಸೀಮೆ ಕೆರೆಗಳ ನಾಡು. 2005ರ ಅಕ್ಟೋಬರ್ 29ರಂದು ಅಂದಿನ ಆಂಧ್ರಪ್ರದೇಶದ ನಲ್ಗೊಂಡ ಜಿಲ್ಲೆಯ ವಲಿಗೊಂಡದ ಬಳಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಮೇಲ್ಭಾಗದ ಕೆರೆ ಒಡೆದು ನುಗ್ಗಿದ ನೀರು ಒಂದು ಸಣ್ಣ ರೈಲ್ವೆ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಹಿಂದೆಯೇ ಬಂದ ಡೆಲ್ಟಾ ಪ್ಯಾಸೆಂಜರ್ ಹಳ್ಳಕ್ಕೆ ಉರುಳಿ ನೂರಕ್ಕೂ ಹೆಚ್ಚು ಪ್ರಯಾಣಿಕರು ಅಸುನೀಗಿದರು. ಬಿದ್ದದ್ದು ಮಹಾನದಿಯ ದೊಡ್ಡ ಸೇತುವೆಯಲ್ಲ, ಯಾರೂ ಹೆಸರು ಕೇಳದ ಸಣ್ಣ ಸೇತುವೆ ಎಂಬುದು ಗಮನಾರ್ಹ.

ಒಡೆದರೆ ಹಳಿಗೆ ಅಪಾಯ ತರಬಲ್ಲ ಕೆರೆಕಟ್ಟೆಗಳ ಪಟ್ಟಿಯನ್ನು ರೈಲ್ವೆ ಇಟ್ಟುಕೊಳ್ಳಬೇಕು, ರಾಜ್ಯ ಸರ್ಕಾರದ ಅಧಿಕಾರಿಗಳ ಜೊತೆ ಮಳೆಗಾಲಕ್ಕೆ ಮೊದಲು ಜಂಟಿ ತಪಾಸಣೆ ನಡೆಸಬೇಕು ಎಂಬ ನಿಯಮ ಬ್ರಿಟಿಷರ ಕಾಲದಿಂದ ಬಂದದ್ದು. ಕೆರೆಗಳು ದಶಕಗಟ್ಟಲೆ ಬತ್ತಿದ್ದಾಗ ಈ ನಿಯಮ ಕಾಗದದ ಮೇಲೆ ಉಳಿದರೂ ನಡೆಯುತ್ತಿತ್ತು. ಈಗ ಪರಿಸ್ಥಿತಿ ಬದಲಾಗುತ್ತಿದೆ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯಂಥವು ಈ ಸೀಮೆಯ ಬಹುಕಾಲದ ಕನಸು. ನೀರು ಬಂದರೆ ರೈತನ ಬದುಕು ಹಸನಾಗುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲೇ ತುಂಬಿದ ಕೆರೆಯ ಮೇಲೆ ಅಕಾಲದ ದೊಡ್ಡ ಮಳೆ ಸುರಿದರೆ ಅದನ್ನು ಹಿಡಿದಿಡಲು ಜಾಗ ಉಳಿದಿರುವುದಿಲ್ಲ. ಕೋಡಿಯ ನೀರು ಯಾವ ಹಳ್ಳ ಸೇರುತ್ತದೆ, ಆ ಹಳ್ಳದ ಮೇಲೆ ರೈಲ್ವೆಯ ಸೇತುವೆಯಿದ್ದರೆ ಅದರ ಕಮಾನು ಎಷ್ಟು ನೀರನ್ನು ಬಿಟ್ಟುಕೊಡಬಲ್ಲದು ಎಂಬ ಲೆಕ್ಕವನ್ನು ಸಣ್ಣ ನೀರಾವರಿ ಇಲಾಖೆಯೂ ರೈಲ್ವೆಯೂ ಒಟ್ಟಿಗೆ ಕೂತು ಹೊಸದಾಗಿ ಹಾಕಬೇಕಾದ ಕಾಲ ಇದು.

ಔಷಧವೇ ವಿಷವಾದಾಗ

ಹಳೆಯ ಕಲ್ಲುಗಟ್ಟಡದ ದುರಸ್ತಿ ಸಿಮೆಂಟು ಮೆತ್ತಿ ಮುಗಿಸುವ ಕೆಲಸವಲ್ಲ. ಸುಣ್ಣದ ಗಾರೆ ಮೃದು, ಅದು ಉಸಿರಾಡುತ್ತದೆ. ಕಲ್ಲಿನೊಳಗಿನ ತೇವ ಗಾರೆಯ ಸಂದಿಯಿಂದ ಹೊರಬರುತ್ತದೆ. ಕಟ್ಟಡ ಕೂದಲೆಳೆಯಷ್ಟು ಅಲುಗಿದರೂ ಗಾರೆ ಅದನ್ನು ಸಹಿಸಿಕೊಳ್ಳುತ್ತದೆ. ಆ ಸಂದಿಗಳಿಗೆ ಗಡುಸಾದ ಸಿಮೆಂಟ್ ತುಂಬಿದರೆ ತೇವ ಒಳಗೇ ಉಳಿಯುತ್ತದೆ, ಕಲ್ಲಿನ ಅಂಚು ಚಕ್ಕೆ ಏಳುತ್ತದೆ. ಮೇಲ್ನೋಟಕ್ಕೆ ಹೊಸದಾಗಿ ಕಾಣುವ ಗೋಡೆ ಒಳಗಿನಿಂದ ಸವೆಯುತ್ತದೆ. ದಡದ ಗೋಡೆಯ ಹಿಂದಿನ ನೀರು ಬಸಿಯಲೆಂದು ಬಿಟ್ಟ ರಂಧ್ರಗಳನ್ನು ಇದೇ ಭರದಲ್ಲಿ ಮುಚ್ಚಿಬಿಟ್ಟರೆ ಹಿಂದಿನ ಮಣ್ಣು ನೀರುಂಡು ಗೋಡೆಯನ್ನು ಮುಂದಕ್ಕೆ ನೂಕುತ್ತದೆ. ಕಂಬದೊಳಗಿನ ಪೊಳ್ಳು ತುಂಬಲು ಸಿಮೆಂಟಿನ ನೀರುಗಾರೆಯನ್ನು ಒತ್ತಡದಿಂದ ಹಾಯಿಸುವ ಗ್ರೌಟಿಂಗ್ ಉಪಯುಕ್ತವೇ. ಆದರೆ ಎಲ್ಲಿ ಯಾವುದು ತಕ್ಕುದು ಎಂದು ನೋಡಿ ಹೇಳುವ ಕಣ್ಣು ಬೇಕು.

ಅಂಥ ಕಣ್ಣುಗಳೇ ಕಡಿಮೆಯಾಗುತ್ತಿವೆ. ಕಲ್ಲು ಕಡಿದು, ಸುಣ್ಣ ಸುಟ್ಟು, ಸುರ್ಕಿ ಅರೆದು ಗಾರೆ ಹದಗೊಳಿಸುವ ಕಸುಬು ಈ ಭಾಗದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮನೆಮಾತಾಗಿತ್ತು. ಇಂದು ಸುಣ್ಣದ ಗೂಡುಗಳು ಆರಿವೆ. ಕಾಂಕ್ರೀಟ್ ಕಲಿತ ಎಂಜಿನಿಯರ್‌ಗಳಿಗೆ ಕಾಲೇಜಿನ ಪಾಠದಲ್ಲಿ ಕಮಾನು ಒಂದು ಅಧ್ಯಾಯವಷ್ಟೇ. ಕಡಿಮೆ ದರ ಕೂಗಿದವನಿಗೆ ಗುತ್ತಿಗೆ ಎಂಬ ಪದ್ಧತಿಯಲ್ಲಿ ಕಸುಬಿಗೆ ಬೆಲೆ ಕಟ್ಟುವ ಕಲಮೇ ಇಲ್ಲ. ಸಂದಿಯಲ್ಲಿ ಚಿಗುರಿದ ಅರಳಿ, ಆಲದ ಸಸಿಯನ್ನು ಮೇಲಷ್ಟೇ ಕತ್ತರಿಸಿ ಬೇರು ಬಿಟ್ಟರೆ ಮರುವರ್ಷ ಅದು ಇಮ್ಮಡಿ ಬಲದಿಂದ ಕಲ್ಲು ಸೀಳುತ್ತದೆ ಎಂಬ ಸರಳ ವಿವೇಕವೂ ಬಿಲ್ಲಿನ ಅವಸರದಲ್ಲಿ ಮರೆಯಾಗುತ್ತದೆ.

ಪುಸ್ತಕದಲ್ಲಿದೆ, ಜನರ ಮುಂದಿಲ್ಲ

ರೈಲ್ವೆಗೆ ತಪಾಸಣೆಯ ಪದ್ಧತಿಯಿಲ್ಲವೆಂದರೆ ಅನ್ಯಾಯವಾದೀತು. ಮಳೆಗಾಲಕ್ಕೆ ಮೊದಲು ಮತ್ತು ಅನಂತರ ಸೇತುವೆಗಳ ಪರೀಕ್ಷೆ ನಡೆಯಬೇಕೆಂಬ ನಿಯಮ ಇದೆ. ಪ್ರತಿ ಸೇತುವೆಗೂ ಒಂದು ಅಂಕಿ ನೀಡಲಾಗುತ್ತದೆ. 1 ಎಂದರೆ ತಕ್ಷಣ ಮರುನಿರ್ಮಾಣ ಆಗಬೇಕು. 2 ಎಂದರೆ ಯೋಜನೆ ಹಾಕಿಕೊಂಡು ಮಾಡಬೇಕು. 3 ಎಂದರೆ ದೊಡ್ಡ ದುರಸ್ತಿ. 4 ಎಂದರೆ ವಾಡಿಕೆಯ ನಿರ್ವಹಣೆ. 5 ಎಂದರೆ ಸುಸ್ಥಿತಿ. ಅಡಿಪಾಯ, ಕಂಬ, ಕಮಾನು, ಹಳಿಗಳಿಗೆ ಪ್ರತ್ಯೇಕ ಅಂಕಿಗಳೂ ಇವೆ. ಕಮಾನಿಗೆ ಅಡ್ಡಲಾಗಿ ಮೂಡಿದ ಬಿರುಕು ಉದ್ದದ ಬಿರುಕಿಗಿಂತ ಗಂಭೀರ ಎಂಬುದು, ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ಅದು ಒಡೆಯುತ್ತದೆಯೇ ಎಂದು ನೋಡುತ್ತಿರಬೇಕು ಎಂಬುದು ಇಲಾಖೆಯ ಸಿಬ್ಬಂದಿಗೆ ಗೊತ್ತಿರುವ ಸಂಗತಿಗಳೇ. ಬಿಸಿಲು ಮಳೆಯೆನ್ನದೆ ದಿನವೂ ಹಳಿಯುದ್ದಕ್ಕೆ ನಡೆಯುವ ಕೀಮ್ಯಾನ್ ಮತ್ತು ಗ್ಯಾಂಗ್‌ಮನ್‌ಗಳ ಕಣ್ಣಿಗೆ ಬಿದ್ದಷ್ಟು ವಿವರ ಯಾವ ಯಂತ್ರಕ್ಕೂ ಬೀಳದು.

ಕೊರತೆಯಿರುವುದು ಬೇರೆಡೆ. ಮೊದಲನೆಯದಾಗಿ, ಈ ಅಂಕಿಗಳು ಸಾರ್ವಜನಿಕರ ಮುಂದಿಲ್ಲ. ತಮ್ಮೂರಿನ ಹಳ್ಳದ ಮೇಲಿನ ಸೇತುವೆಗೆ 3 ಬಂದಿದೆಯೋ 5 ಬಂದಿದೆಯೋ ಎಂಬುದು ಹಗರಿಬೊಮ್ಮನಹಳ್ಳಿಯ ಪ್ರಯಾಣಿಕನಿಗೂ ತಿಳಿಯದು, ಅವನ ಶಾಸಕರಿಗೂ ತಿಳಿಯದು. ಎರಡನೆಯದಾಗಿ, ನೋಟಕ್ಕೆ ಸಿಗುವ ತಪಾಸಣೆಗೆ ಮಿತಿಯಿದೆ. ಮುಂಬೈ–ಗೋವಾ ಹೆದ್ದಾರಿಯ ಮಹಾಡ್ ಬಳಿ ಸಾವಿತ್ರಿ ನದಿಯ ಮೇಲಿದ್ದ ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆ 2016ರ ಆಗಸ್ಟ್ 2ರ ರಾತ್ರಿ ಪ್ರವಾಹದಲ್ಲಿ ಕೊಚ್ಚಿಹೋಗಿ ಎರಡು ಬಸ್ಸುಗಳ ಪ್ರಯಾಣಿಕರು ಜಲಸಮಾಧಿಯಾದರು. ಅದಕ್ಕೆ ಕೆಲವೇ ತಿಂಗಳ ಹಿಂದೆ ಆ ಸೇತುವೆಯ ತಪಾಸಣೆ ನಡೆದಿತ್ತು. ನೀರಿನಡಿಯ ಅಡಿಪಾಯವನ್ನು ದಡದ ಮೇಲೆ ನಿಂತು ನೋಡಲಾಗದು.

ಘಟ್ಟದ ಪಾಠ

ಈ ಸೀಮೆಗೂ ದೂಧ್‌ಸಾಗರಕ್ಕೂ ಏನು ಸಂಬಂಧ ಎಂದು ಅನಿಸಬಹುದು. ಮುರಗಾಂವ ಬಂದರಿಗೆ ಬಂದ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಬರುವುದು ಇದೇ ಘಟ್ಟದ ಮಾರ್ಗವಾಗಿ, ಹೊಸಪೇಟೆಯ ಮೂಲಕ. 1880ರ ದಶಕದಲ್ಲಿ ಕಟ್ಟಿದ ಈ ಮಾರ್ಗದಲ್ಲಿ 37 ಅಡಿಗೆ ಒಂದು ಅಡಿಯಷ್ಟು ಏರು. ಜಲಪಾತದ ಎದುರಿನ ಕಲ್ಲಿನ ಕಮಾನು ಸೇತುವೆ ಪ್ರವಾಸಿಗರ ಚಿತ್ರಗಳಲ್ಲಿ ಸುಂದರ. ನಿರ್ವಹಿಸುವ ಎಂಜಿನಿಯರನಿಗೆ ಪ್ರತಿ ಮುಂಗಾರೂ ಪರೀಕ್ಷೆ. ಕ್ಯಾಸಲ್‌ರಾಕ್–ಕುಳೆಂ ನಡುವೆ ಜೋಡಿ ಹಳಿ ಹಾಕುವ ಯೋಜನೆಗೆ ವನ್ಯಜೀವಿ ಮಂಡಳಿ ನೀಡಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ 9ರಂದು ರದ್ದುಪಡಿಸಿತು. ಪಶ್ಚಿಮ ಘಟ್ಟದ ಕಾಡಿನ ದೃಷ್ಟಿಯಿಂದ ಆ ತೀರ್ಪು ಸ್ವಾಗತಾರ್ಹ. ಆದರೆ ಹೊಸದನ್ನು ಕಟ್ಟಲಾಗದ ಕಡೆ ಹಳೆಯದನ್ನು ಚೆನ್ನಾಗಿ ಇಟ್ಟುಕೊಳ್ಳುವುದೊಂದೇ ದಾರಿ ಎಂಬುದು ಅದರ ಇನ್ನೊಂದು ಅರ್ಥ.

ಬ್ರಿಟನ್ನಿನ ರಿಬಲ್‌ಹೆಡ್ ಸೇತುವೆಯ ಕತೆ ಇಲ್ಲಿ ಉಪಯುಕ್ತ. 1870ರ ದಶಕದಲ್ಲಿ ಕಟ್ಟಿದ 24 ಕಮಾನುಗಳ ಈ ಕಣಿವೆ ಸೇತುವೆಯ ದುರಸ್ತಿಗೆ ತಗಲುವ ಭಾರೀ ವೆಚ್ಚವನ್ನೇ ಮುಂದಿಟ್ಟುಕೊಂಡು, 1980ರ ದಶಕದಲ್ಲಿ ಅಲ್ಲಿನ ರೈಲ್ವೆ ಸೆಟ್ಲ್–ಕಾರ್ಲೈಲ್ ಮಾರ್ಗವನ್ನೇ ಮುಚ್ಚಹೊರಟಿತ್ತು. ಜನ ಸಂಘಟಿತರಾಗಿ ವಿರೋಧಿಸಿದರು. ಕಮಾನಿನ ಮೇಲೆ ಪ್ರಾಯೋಗಿಕವಾಗಿ ದುರಸ್ತಿ ಮಾಡಿ ನೋಡಿದಾಗ ವೆಚ್ಚ ಅಂದಾಜಿಗಿಂತ ಬಹಳ ಕಡಿಮೆ ಎಂದು ತಿಳಿಯಿತು. 1989ರಲ್ಲಿ ಸರ್ಕಾರ ಮುಚ್ಚುವ ಪ್ರಸ್ತಾವವನ್ನು ತಿರಸ್ಕರಿಸಿತು. ಇಂದಿಗೂ ಅಲ್ಲಿ ರೈಲು ಓಡುತ್ತಿದೆ. ಕೈಯಿಂದ ಮುಟ್ಟಿ ನೋಡದೆ ಹಾಕಿದ ಅಂದಾಜು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ. ದುರಸ್ತಿಯಾಗದ ಸೇತುವೆ ಬೀಳಲೇಬೇಕೆಂದಿಲ್ಲ. ಮೊದಲು ಅದರ ಮೇಲೆ ವೇಗದ ಮಿತಿ ಬರುತ್ತದೆ, ಅನಂತರ ರೈಲು ತಡವಾಗುತ್ತದೆ, ತಡವಾದ ರೈಲಿಗೆ ಜನ ಕಡಿಮೆಯಾಗುತ್ತಾರೆ, ಜನವಿಲ್ಲವೆಂದು ರೈಲೇ ನಿಲ್ಲುತ್ತದೆ. ಎರಡು ದಶಕ ರೈಲಿಲ್ಲದೆ ಬಾಳಿದ ಕೊಟ್ಟೂರಿನ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಗಬೇಕಾದ್ದು

ಹಣ ಇಲ್ಲವೆಂಬ ವಾದ ಈ ಜಿಲ್ಲೆಯ ಮಟ್ಟಿಗೆ ನಿಲ್ಲುವಂಥದ್ದಲ್ಲ. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟಿನ ಆದೇಶದಂತೆ ಕೂಡಿಬಿದ್ದ ಇಪ್ಪತ್ತು ಸಾವಿರ ಕೋಟಿ ರೂಪಾಯಿಗೂ ಮಿಗಿಲಾದ ಮೊತ್ತ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ಬಳಿಯಿದೆ. ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬೇರೆ. ಹಳಿಯ ಸೇತುವೆ ಕೇಂದ್ರದ ಹೊಣೆ, ಅದನ್ನು ರೈಲ್ವೆಯೇ ನೋಡಿಕೊಳ್ಳಬೇಕು. ಆದರೆ ಹಳಿಯ ಮೇಲ್ಭಾಗದ ಕೆರೆ ಏರಿ, ಕೋಡಿ, ಹಳ್ಳಗಳನ್ನು ಸರಿಪಡಿಸುವುದು ರಾಜ್ಯದ ಕೆಲಸ. ನಿಯಮದ ಚೌಕಟ್ಟಿನಲ್ಲಿ ಈ ನಿಧಿಯನ್ನು ಅದಕ್ಕೆ ಬಳಸುವ ಬಗ್ಗೆ ಜಿಲ್ಲಾಡಳಿತ ಯೋಚಿಸಬಹುದು.

ನೈರುತ್ಯ ರೈಲ್ವೆ ತನ್ನ ಹಳೆಯ ಕಲ್ಲಿನ ಸೇತುವೆಗಳ ಸ್ಥಿತಿಯ ಅಂಕಿಗಳನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ. ಕೆರೆಗಳ ಜಂಟಿ ತಪಾಸಣೆಯ ವರದಿ ತಹಶೀಲ್ದಾರರ ಕಚೇರಿಯಲ್ಲಿ ಯಾರಾದರೂ ಓದುವಂತಿರಲಿ. ಗುತ್ತಿಗೆಯ ಷರತ್ತಿನಲ್ಲಿ ಸುಣ್ಣದ ಗಾರೆಯ ಕಸುಬಿಗೆ ಸ್ಥಾನ ಸಿಗಲಿ. ಉಳಿದಿರುವ ಕೆಲವೇ ಕುಶಲಕರ್ಮಿಗಳಿಂದ ಕಿರಿಯರಿಗೆ ತರಬೇತಿ ಕೊಡಿಸಲಿ. ಸಂಸದರು, ಶಾಸಕರು ಹೊಸ ರೈಲು, ಹೊಸ ನಿಲುಗಡೆಗೆ ಮನವಿ ಸಲ್ಲಿಸುವಾಗ ಹಳೆಯ ಸೇತುವೆಗಳ ಬಗ್ಗೆಯೂ ಒಂದು ಸಾಲು ಸೇರಿಸಲಿ.

2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ಗುರು ಬಸವೇಶ್ವರರ ತೇರು ಜನಸಾಗರದ ನಡುವೆ ಉರುಳಿಬಿದ್ದುದನ್ನು ಈ ಸೀಮೆ ಮರೆತಿಲ್ಲ. ತೇರು ಬಿದ್ದ ಮೇಲೆ ಹೊಸ ತೇರು ಮಾಡಿಸಲಾಯಿತು. ತುಂಗಭದ್ರೆಯ ಒಂದು ಗೇಟು ಹೋದ ಮೇಲೆ 33 ಗೇಟುಗಳನ್ನೂ ಬದಲಿಸುವ ನಿರ್ಧಾರವಾಯಿತು. ಅಷ್ಟರಲ್ಲಿ ಹತ್ತಾರು ಟಿಎಂಸಿ ಅಡಿ ನೀರು ಹರಿದುಹೋಗಿತ್ತು, ಮರುವರ್ಷ ಜಲಾಶಯವನ್ನು ಪೂರ್ಣ ತುಂಬಿಸಲಾಗಲಿಲ್ಲ. ಬಿದ್ದ ಮೇಲೆ ಎಚ್ಚರಗೊಳ್ಳುವುದಕ್ಕೆ ಎಷ್ಟು ಬೆಲೆ ತೆರಬೇಕೆಂಬುದು ಈ ನೆಲಕ್ಕೆ ಚೆನ್ನಾಗಿ ಗೊತ್ತು. ಕಲ್ಲಿನ ಕಮಾನು ಬೀಳುವ ಮೊದಲು ಬಿರುಕಿನ, ತೇವದ, ಸಡಿಲಿದ ಗಾರೆಯ ಮೂಲಕ ವರ್ಷಗಟ್ಟಲೆ ಸೂಚನೆ ಕೊಡುತ್ತದೆ. ಆ ಸೂಚನೆಯನ್ನು ಮುಂದಿನ ಮುಂಗಾರಿಗೆ ಮೊದಲು ಓದಿಕೊಳ್ಳುವ ಹೊಣೆ ಹುಬ್ಬಳ್ಳಿಯ ರೈಲ್ವೆ ಕಚೇರಿಯದೂ ಹೌದು, ಹೊಸಪೇಟೆಯ ಜಿಲ್ಲಾಡಳಿತದ್ದೂ ಹೌದು.